ಮೇಲ್ ಕಳೆದುಹೋಗುವುದು ಕೈ ಬದಲಾಗುವಾಗ

ಒಂದು ಬೆಳಿಗ್ಗೆ ಎದ್ದು ನೋಡಿದರೆ ನನ್ನ ಮೇಲ್ ಪೆಟ್ಟಿಗೆಯಲ್ಲಿ ಒಂದೇ ಒಂದು ಹೊಸ ಮೇಲ್ ಇರಲಿಲ್ಲ. ರಾತ್ರಿ ಯಾರೂ ಬರೆದಿಲ್ಲವೇನೋ ಅಂದುಕೊಂಡು ಸುಮ್ಮನಾದೆ. ಮಧ್ಯಾಹ್ನ ಒಬ್ಬರು ಫೋನ್ ಮಾಡಿ, "ನಿನ್ನೆ ರಾತ್ರಿನೇ ಕಳಿಸಿದ್ದೆನಲ್ಲ, ನೋಡಲಿಲ್ವಾ?" ಎಂದು ಕೇಳಿದರು. ಮೇಲ್ ಸೇವೆಯ ಸರ್ವರ್‌ಗೆ ಹೋಗಿ ಹುಡುಕಿದೆ, ಇಲ್ಲ. ನನ್ನ ಕಂಪ್ಯೂಟರಿನಲ್ಲಿ ಹುಡುಕಿದೆ, ಅಲ್ಲೂ ಇಲ್ಲ. ಆದರೆ ಮೇಲ್ ಇಳಿಸುವ ಪ್ರೋಗ್ರಾಮ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಫೈಲ್ ತೆರೆದರೆ ರಾತ್ರಿಯ ಪ್ರತಿಯೊಂದು ಮೇಲ್ ಎದುರಿಗೂ ಒಂದೇ ಮಾತು: ಇಳಿಸಿಕೊಂಡಿದೆ, ಸರ್ವರ್‌ನಿಂದ ಅಳಿಸಿದೆ.

ಇಳಿಸಿಕೊಂಡ ಮೇಲ್ ಹೋಗಿದ್ದೆಲ್ಲಿಗೆ? ಕಾರಣ ಸಿಕ್ಕಿದ್ದು ಎರಡು ದಿನ ಬಿಟ್ಟು. ಅದು ಅರ್ಥವಾಗಬೇಕಾದರೆ ಮೇಲ್ ಹೇಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತದೆ ಅನ್ನುವುದು ಮೊದಲು ಗೊತ್ತಿರಬೇಕು.

ಈಗ ಇದನ್ನು ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ತಮ್ಮ ಮೇಲ್ ತಮ್ಮ ಬಳಿಯೇ ಇರಲಿ ಎಂದು ಬಯಸುವವರು ಹೆಚ್ಚುತ್ತಿದ್ದಾರೆ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗವನ್ನು ಮೇಲ್, ಡ್ರೈವ್, ಫೋಟೋ ಮೂರೂ ಹಂಚಿಕೊಳ್ಳಬೇಕು. ಅದು ತುಂಬಿದ ಮೇಲೆ ಹಳೆಯ ಮೇಲ್ ಅನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡು ಸರ್ವರ್ ಖಾಲಿ ಮಾಡೋಣ ಅನ್ನಿಸುವುದು ಸಹಜ. ಜೊತೆಗೆ ದೊಡ್ಡ ಸೇವೆಗಳು ಬರೀ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಬರುವ ಹಳೆಯ ದಾರಿಯನ್ನು ಮುಚ್ಚುತ್ತಾ ಬಂದಿವೆ. ಗೂಗಲ್ ಅದನ್ನು 2022ರ ಮೇ 30ರಿಂದ ನಿಲ್ಲಿಸಿತು. ಮೈಕ್ರೋಸಾಫ್ಟ್ ಸಂಸ್ಥೆಗಳಿಗೆ ಕೊಡುವ ತನ್ನ ಎಕ್ಸ್‌ಚೇಂಜ್ ಆನ್‌ಲೈನ್ ಎಂಬ ಮೇಲ್ ಸೇವೆಯಲ್ಲಿ 2022ರ ಅಕ್ಟೋಬರ್ 1ರಿಂದ ಮುಚ್ಚಲು ಶುರು ಮಾಡಿತು. ವರ್ಷಗಟ್ಟಲೆ ಮುಟ್ಟದೆ ಬಿಟ್ಟಿದ್ದ ವ್ಯವಸ್ಥೆಯನ್ನು ಹೀಗೆ ಅವಸರದಲ್ಲಿ ಬಿಚ್ಚಿ ಮತ್ತೆ ಜೋಡಿಸುವಾಗಲೇ ಮೇಲ್ ಜಾಸ್ತಿ ಕಳೆದುಹೋಗುವುದು.

## ಯಾರ್ಯಾರ ಕೈ ದಾಟಿ ಬರುತ್ತದೆ?

ಬ್ರೌಸರಿನಲ್ಲಿ ಮೇಲ್ ಓದುವವರಿಗೆ ಇದರ ಚಿಂತೆ ಇಲ್ಲ. ಮೇಲ್ ಇರುವುದು ಸರ್ವರ್‌ನಲ್ಲಿ, ಅವರು ನೋಡುವುದೂ ಅಲ್ಲೇ. ನಾವೇ ಇಳಿಸಿಕೊಳ್ಳುವ ವ್ಯವಸ್ಥೆಯಲ್ಲಿ ನಡುವೆ ನಾಲ್ಕು ಕೈಗಳಿವೆ.

ಮೊದಲನೆಯದು ಸೇವೆ ಕೊಡುವವರ ಸರ್ವರ್. ಎರಡನೆಯದು ಅಲ್ಲಿಂದ ಮೇಲ್ ತರುವ ಪ್ರೋಗ್ರಾಮ್. ಫೆಚ್‌ಮೇಲ್, ಗೆಟ್‌ಮೇಲ್ ಅಂಥವು ಈ ಕೆಲಸ ಮಾಡುತ್ತವೆ. ಇದನ್ನು 'ತರುವವನು' ಎಂದು ಕರೆಯೋಣ. ಮೂರನೆಯದು ತಂದದ್ದನ್ನು ಸ್ಪ್ಯಾಮ್ ಸೋಸಿ, ವಿಂಗಡಿಸಿ, ಸರಿಯಾದ ಫೋಲ್ಡರಿಗೆ ಹಾಕುವ ಪ್ರೋಗ್ರಾಮ್. ಪ್ರಾಕ್‌ಮೇಲ್ ಇದಕ್ಕೆ ಹಳೆಯ ಉದಾಹರಣೆ. ಎಷ್ಟೋ ಜನ ತಾವೇ ಒಂದು ಸಣ್ಣ ಸ್ಕ್ರಿಪ್ಟ್, ಅಂದರೆ ಸಾಲಾಗಿ ಬರೆದ ಕೆಲವು ಆದೇಶಗಳ ಫೈಲ್, ಬರೆದುಕೊಂಡಿರುತ್ತಾರೆ. ಇದು 'ಹಾಕುವವನು'. ನಾಲ್ಕನೆಯದು ಡಿಸ್ಕಿನ ಮೇಲಿರುವ ಪೆಟ್ಟಿಗೆ.

ಒಂದು ಕೈಯಲ್ಲಿ ಗಟ್ಟಿಯಾಗಿ ಕೂತಿರುವಾಗ ಮೇಲ್ ಸಾಮಾನ್ಯವಾಗಿ ಕಳೆಯುವುದಿಲ್ಲ. ಕಳೆಯುವುದು ಕೈ ಬದಲಾಗುವಾಗ. ಬಾವಿಯಿಂದ ಸಾಲಾಗಿ ನಿಂತು ಬಿಂದಿಗೆ ದಾಟಿಸುವಾಗ ಮುಂದಿನವರು ಹಿಡಿದುಕೊಂಡರೋ ಇಲ್ಲವೋ ನೋಡದೆ ಕೈ ಬಿಟ್ಟರೆ ಏನಾಗುತ್ತದೆ? ಅದೇ. ಹಾಗಾಗಿ ಇಡೀ ವ್ಯವಸ್ಥೆಗೆ ಒಂದೇ ನಿಯಮ ಸಾಕು: ಹೊಸ ಪ್ರತಿ ಡಿಸ್ಕಿನ ಮೇಲೆ ಭದ್ರವಾಗಿ ಕೂತಿದೆ ಎಂದು ಖಚಿತವಾಗುವವರೆಗೆ ಹಳೆಯ ಪ್ರತಿಯನ್ನು ಅಳಿಸಬಾರದು. ಇದರಿಂದ ಒಮ್ಮೊಮ್ಮೆ ಒಂದೇ ಮೇಲ್ ಎರಡು ಸಲ ಬರುತ್ತದೆ. ಬರಲಿ ಬಿಡಿ. ಎರಡು ಸಲ ಬಂದದ್ದರಲ್ಲಿ ಒಂದನ್ನು ತೆಗೆಯಬಹುದು, ಬಾರದೇ ಹೋದದ್ದನ್ನು ಎಲ್ಲಿಂದ ತರುವುದು?

## ಸರ್ವರ್ ತನಕ ಲೆಕ್ಕ ಪಕ್ಕಾ

ಕಳಿಸಿದವರಿಂದ ನಿಮ್ಮ ಸೇವೆಯ ಸರ್ವರ್‌ವರೆಗೆ ಮೇಲ್ ಬರುವುದು ಎಸ್‌ಎಂಟಿಪಿ ಎಂಬ ನಿಯಮಾವಳಿಯ ಪ್ರಕಾರ. 1982ರಲ್ಲಿ ಬಂದ ಆ ನಿಯಮಗಳಲ್ಲಿ ಹೊಣೆ ಯಾರದು ಅನ್ನುವುದು ಸ್ಪಷ್ಟವಾಗಿದೆ. ಮೇಲ್ ಪಡೆದ ಸರ್ವರ್ 250 ಎಂಬ ಅಂಕಿಯ ಉತ್ತರ ಕೊಡುತ್ತದೆ. "ಸರಿ, ತೆಗೆದುಕೊಂಡೆ, ಇನ್ನು ಇದು ನನ್ನ ಹೊಣೆ" ಎಂದು ಅದರ ಅರ್ಥ. ಆ ಉತ್ತರ ಬರುವ ತನಕ ಕಳಿಸುವ ಸರ್ವರ್ ತನ್ನ ಪ್ರತಿಯನ್ನು ಬಿಡುವಂತಿಲ್ಲ. 4ರಿಂದ ಶುರುವಾಗುವ ಅಂಕಿ ಬಂದರೆ "ಈಗ ಆಗಲ್ಲ, ಆಮೇಲೆ ಬಾ" ಎಂದರ್ಥ. 5ರಿಂದ ಶುರುವಾದರೆ "ಇದು ಆಗುವುದೇ ಇಲ್ಲ" ಎಂದು. ತಾತ್ಕಾಲಿಕ ತೊಂದರೆ ಇದ್ದರೆ ಕನಿಷ್ಠ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸಬೇಕು, ಕೈಬಿಡುವಾಗ ಕಳಿಸಿದವರಿಗೆ ತಿಳಿಸಬೇಕು ಅನ್ನುತ್ತದೆ ನಿಯಮ.

ಅಂದರೆ ಸರ್ವರ್ ತನಕದ ದಾರಿಯಲ್ಲಿ ಪ್ರತಿ ಹೆಜ್ಜೆಗೂ ರಸೀದಿ ಇದೆ. ಅಲ್ಲಿಂದ ಮುಂದಕ್ಕೆ, ಸರ್ವರ್‌ನಿಂದ ನಿಮ್ಮ ಡಿಸ್ಕಿನವರೆಗೆ, ರಸೀದಿ ಪದ್ಧತಿ ಇರುತ್ತದೋ ಇಲ್ಲವೋ ಎಂದು ತೀರ್ಮಾನಿಸುವವರು ನೀವು. ಅಷ್ಟು ದೂರ ಸುರಕ್ಷಿತವಾಗಿ ಬಂದ ಮೇಲ್ ಕೊನೆಯ ನಾಲ್ಕು ಹೆಜ್ಜೆಯಲ್ಲಿ ಹಾಳಾಗುವುದು ನೋಡಿದರೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

## ಪಾಪ್3 ನಡೆಸುವ ಸಂಭಾಷಣೆ

ಮೇಲ್ ತರಲು ಎರಡು ಭಾಷೆಗಳಿವೆ: ಪಾಪ್3 ಮತ್ತು ಐಮ್ಯಾಪ್. ಪಾಪ್3 ಸರಳ. ಈಗಲೂ ಬಳಕೆಯಲ್ಲಿರುವ ಅದರ ನಿಯಮಾವಳಿ 1996ರದು. ತರುವವನು ಮತ್ತು ಸರ್ವರ್ ನಡುವೆ ನಡೆಯುವ ಮಾತನ್ನು ಹತ್ತಿರದಿಂದ ಕೇಳಿಸಿಕೊಂಡರೆ ಹೀಗಿರುತ್ತದೆ.

"ನಾನು ಇಂಥವನು, ಪಾಸ್‌ವರ್ಡ್ ಇದು." "ಸರಿ, ಬಾ." "ಎಷ್ಟು ಮೇಲ್ ಇದೆ?" "ಮೂರು." "ಮೊದಲನೆಯದು ಕೊಡು." ಸರ್ವರ್ ಮೇಲ್ ಪೂರ್ತಿ ಓದಿ ಹೇಳುತ್ತದೆ, ಕೊನೆಗೆ ಒಂದು ಚುಕ್ಕಿ ಮಾತ್ರ ಇರುವ ಸಾಲು ಕಳಿಸಿ ಮುಗಿಯಿತು ಅನ್ನುತ್ತದೆ. "ಮೊದಲನೆಯದನ್ನು ಅಳಿಸು." "ಸರಿ." ಹೀಗೆ ಮೂರೂ ಮುಗಿದ ಮೇಲೆ "ನಾನು ಹೊರಟೆ." "ಸರಿ, ಹೋಗಿ ಬಾ."

ಇಲ್ಲಿ ಗಮನಿಸಬೇಕಾದದ್ದು, "ಅಳಿಸು" ಅಂದ ಕ್ಷಣ ಸರ್ವರ್ ಏನನ್ನೂ ಅಳಿಸುವುದಿಲ್ಲ. ಬರೀ ಗುರುತು ಹಾಕಿಕೊಳ್ಳುತ್ತದೆ. ನಿಜವಾಗಿ ಅಳಿಸುವುದು "ನಾನು ಹೊರಟೆ" ಎಂದು ಹೇಳಿದ ಮೇಲೆ. ಮಧ್ಯೆ ಕರೆಂಟ್ ಹೋದರೆ, ನೆಟ್ ಕಡಿದರೆ, ಪ್ರೋಗ್ರಾಮ್ ಬಿದ್ದುಹೋದರೆ ಸರ್ವರ್ ಆ ಗುರುತುಗಳನ್ನೆಲ್ಲ ಮರೆತುಬಿಡಬೇಕು ಎಂದು ನಿಯಮದಲ್ಲೇ ಇದೆ. ಮುಂದಿನ ಸಲ ಹೋದಾಗ ಮೂರೂ ಮೇಲ್ ಅಲ್ಲೇ ಇರುತ್ತವೆ.

ಹಾಗಾಗಿ ನೆಟ್ ಕಡಿದದ್ದಕ್ಕೆ ಮೇಲ್ ಹೋಯಿತು ಅನ್ನುವುದು ಪಾಪ್3ನಲ್ಲಿ ಅಪರೂಪ. ಮೇಲ್ ಹೋಗುವುದು ತರುವವನು "ಅಳಿಸು" ಎಂದು ಹೇಳಬಾರದ ಹೊತ್ತಿನಲ್ಲಿ ಹೇಳಿದಾಗ.

ಇನ್ನೊಂದು ಸಂಗತಿ ಗುರುತಿನ ಸಂಖ್ಯೆಯದು. ಮೊದಲನೆಯದು, ಎರಡನೆಯದು ಅನ್ನುವುದು ಆ ಭೇಟಿಗೆ ಮಾತ್ರ ಸಂಬಂಧಿಸಿದ್ದು. ಇವತ್ತಿನ ಮೂರನೆಯ ಮೇಲ್ ನಾಳೆ ಮೊದಲನೆಯದಾಗಬಹುದು. ಅದಕ್ಕೇ ಸರ್ವರ್ ಪ್ರತಿ ಮೇಲ್‌ಗೂ ಬದಲಾಗದ ಒಂದು ಗುರುತು ಕೊಡಬಹುದು. ಅದರ ಹೆಸರು ಯುಐಡಿಎಲ್. ಸರ್ವರ್‌ನಲ್ಲಿ ಮೇಲ್ ಉಳಿಸಿಕೊಂಡೇ ಹೊಸದನ್ನು ಮಾತ್ರ ತರಬೇಕಾದರೆ, ತರುವವನು ತಾನು ತಂದಾಗಿರುವ ಗುರುತುಗಳನ್ನೆಲ್ಲ ಒಂದು ಸಣ್ಣ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಈ ಫೈಲ್ ಕಳೆದರೆ ಗಾಬರಿ ಬೇಡ. ಎಲ್ಲವನ್ನೂ ಇನ್ನೊಮ್ಮೆ ತರುತ್ತಾನೆ ಅಷ್ಟೆ. ಅಪಾಯ ಇರುವುದು ಉಲ್ಟಾ ಆದಾಗ: ಮೇಲ್ ಡಿಸ್ಕಿಗೆ ಬೀಳುವ ಮೊದಲೇ "ತಂದಾಯಿತು" ಎಂದು ಬರೆದುಕೊಂಡರೆ ಆ ಮೇಲ್ ಕಡೆ ಅವನು ಮತ್ತೆ ತಿರುಗಿಯೂ ನೋಡುವುದಿಲ್ಲ. ಸ್ವಂತ ಸ್ಕ್ರಿಪ್ಟ್ ಬರೆಯುವವರು ಈ ಎರಡು ಸಾಲುಗಳ ಕ್ರಮವನ್ನು ಒಮ್ಮೆ ತೆರೆದು ನೋಡಬೇಕು.

ಜಿಮೇಲ್ ಬಳಸುವವರಿಗೆ ಒಂದು ಮಾತು. ಪಾಪ್ ಮೂಲಕ ಮೇಲ್ ಇಳಿಸಿದ ಮೇಲೆ ಸರ್ವರ್‌ನ ಪ್ರತಿಯನ್ನು ಉಳಿಸಬೇಕೋ, ಅಳಿಸಬೇಕೋ ಎಂದು ಅದರದೇ ಸೆಟ್ಟಿಂಗ್ಸ್ ಪುಟದಲ್ಲಿ ಒಂದು ಆಯ್ಕೆ ಇದೆ. ನಿಮ್ಮ ಪ್ರೋಗ್ರಾಮಿನಲ್ಲಿ 'ಉಳಿಸು' ಎಂದು ಬರೆದು ಸುಮ್ಮನಾಗಬೇಡಿ, ಅಲ್ಲೂ ಹೋಗಿ ನೋಡಿ.

## ಐಮ್ಯಾಪ್‌ನಲ್ಲಿ ಬೇರೆ ಥರದ ಹಳ್ಳಗಳು

ಐಮ್ಯಾಪ್‌ನಲ್ಲಿ ಮೇಲ್ ಇರುವುದು ಸರ್ವರ್‌ನಲ್ಲೇ. ಫೋನ್, ಲ್ಯಾಪ್‌ಟಾಪ್ ಎಲ್ಲವೂ ಒಂದೇ ಪೆಟ್ಟಿಗೆಯನ್ನು ನೋಡುತ್ತವೆ. ಅನುಕೂಲ ಜಾಸ್ತಿ. ಆದರೆ ಒಂದೇ ಪೆಟ್ಟಿಗೆಗೆ ಹಲವರು ಕೈ ಹಾಕುವುದರಿಂದ ಗೊಂದಲವೂ ಜಾಸ್ತಿ.

ಮೊದಲನೆಯ ಹಳ್ಳ 'ಓದಿದೆ' ಎಂಬ ಗುರುತು. ಫೆಚ್‌ಮೇಲ್ ಐಮ್ಯಾಪ್‌ನಲ್ಲಿ ಮಾಮೂಲಿಯಾಗಿ ಓದದ ಮೇಲ್ ಅನ್ನು ಮಾತ್ರ ಹೊಸದು ಎಂದುಕೊಳ್ಳುತ್ತದೆ. ನೀವು ಫೋನಿನಲ್ಲಿ ಒಂದು ಮೇಲ್ ತೆರೆದು ನೋಡಿದಿರಿ ಅನ್ನಿ. ಅದಕ್ಕೆ 'ಓದಿದೆ' ಗುರುತು ಬಿತ್ತು. ಆಮೇಲೆ ಬಂದ ಫೆಚ್‌ಮೇಲ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಮನೆಯ ಪೆಟ್ಟಿಗೆಯಲ್ಲಿ ಆ ಮೇಲ್ ಎಂದೂ ಕಾಣಿಸುವುದಿಲ್ಲ. ಇನ್ನೂ ಕೆಟ್ಟದ್ದು 'ಫ್ಲಶ್' ಎಂಬ ಆಯ್ಕೆ. ಹೊಸದನ್ನು ತರುವ ಮೊದಲು ಹಳೆಯದನ್ನು ಸರ್ವರ್‌ನಿಂದ ತೆಗೆದುಹಾಕು ಎಂದು ಅದರ ಅರ್ಥ. ಫೋನಿನಲ್ಲಿ ಓದಿದ ಮೇಲ್ ಫೆಚ್‌ಮೇಲ್ ಕಣ್ಣಿಗೆ ಹಳೆಯದು. ತಾನು ಒಮ್ಮೆಯೂ ತರದ ಮೇಲ್ ಅನ್ನೇ ಅದು ಅಳಿಸಿಬಿಡಬಹುದು. ಫೆಚ್‌ಮೇಲ್ ಕೈಪಿಡಿಯಲ್ಲೇ ಈ ಎಚ್ಚರಿಕೆ ಇದೆ. ನಿಮ್ಮ ಸೆಟ್ಟಿಂಗ್ ಫೈಲಿನಲ್ಲಿ ಆ ಪದ ಇದ್ದರೆ ಈಗಲೇ ತೆಗೆಯಿರಿ.

ಎರಡನೆಯದು ಅಳಿಸುವ ವಿಧಾನ. ಐಮ್ಯಾಪ್‌ನಲ್ಲೂ ಅಳಿಸುವುದು ಎರಡು ಹಂತದ ಕೆಲಸ: ಮೊದಲು ಗುರುತು ಹಾಕುವುದು, ಆಮೇಲೆ 'ಎಕ್ಸ್‌ಪಂಜ್' ಎಂಬ ಆದೇಶ ಕೊಟ್ಟು ಗುಡಿಸುವುದು. ಪೊರಕೆ ಹಿಡಿದವನು ತಾನು ಗುರುತು ಹಾಕಿದ್ದನ್ನು ಮಾತ್ರ ಗುಡಿಸುವುದಿಲ್ಲ, ಆ ಫೋಲ್ಡರಿನಲ್ಲಿ ಬೇರೆ ಯಾರೇ ಗುರುತು ಹಾಕಿದ್ದರೂ ಅದೂ ಹೋಗುತ್ತದೆ. ಇಂಥಿಂಥ ಮೇಲ್ ಮಾತ್ರ ಗುಡಿಸು ಎಂದು ಹೇಳುವ ಸೌಲಭ್ಯ ಆಮೇಲೆ ಸೇರಿಕೊಂಡಿತು. ಅದನ್ನು ಸರ್ವರ್ ಮತ್ತು ಪ್ರೋಗ್ರಾಮ್ ಎರಡೂ ಬಲ್ಲವಾಗಿರಬೇಕು.

ಮೂರನೆಯದು ಸಿಂಕ್. ಎಂಬಿಸಿಂಕ್, ಆಫ್‌ಲೈನ್‌ಐಮ್ಯಾಪ್ ಥರದ ಪ್ರೋಗ್ರಾಮ್‌ಗಳು ಎರಡೂ ಕಡೆಯನ್ನು ಒಂದೇ ರೀತಿ ಇಡುತ್ತವೆ. ಹಾಗಿದ್ದರೆ ಬ್ಯಾಕಪ್ ಆದ ಹಾಗೇ ಅಲ್ವಾ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲ. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಸುವುದೇ ಎರಡು ಕಡೆಯ ಸಿಂಕ್‌ನ ಕೆಲಸ. ಕನ್ನಡಿಯಲ್ಲಿ ಕಾಣುವುದು ಎರಡನೆಯ ಪ್ರತಿಯಲ್ಲ. ಅಳಿಸುವುದನ್ನು ಆ ಕಡೆಗೆ ದಾಟಿಸಬೇಡ ಎಂದು ಹೇಳುವ ಸೆಟ್ಟಿಂಗ್ ಎಂಬಿಸಿಂಕ್‌ನಲ್ಲಿ ಇದೆ. ಬ್ಯಾಕಪ್ ಉದ್ದೇಶವಿದ್ದರೆ ಹೊಸ ಮೇಲ್ ಸರ್ವರ್‌ನಿಂದ ಈ ಕಡೆಗೆ ಬರುವ ಹಾಗೆ, ಅಳಿಸಿದ್ದು ಮಾತ್ರ ದಾಟಿ ಬಾರದ ಹಾಗೆ ಇಟ್ಟುಕೊಳ್ಳಿ.

## ನನ್ನ ಒಂದು ರಾತ್ರಿಯ ಮೇಲ್ ಹೋಗಿದ್ದು ಇಲ್ಲಿ

ತರುವವನು ಸರ್ವರ್‌ಗೆ "ಅಳಿಸು" ಎಂದು ಹೇಳುವುದು ಯಾವಾಗ? ಹಾಕುವವನು "ಆಯ್ತು" ಅಂದಾಗ. ಈ "ಆಯ್ತು" ಒಂದು ಅಂಕಿ. ಪ್ರತಿ ಪ್ರೋಗ್ರಾಮೂ ಮುಗಿಯುವಾಗ ಒಂದು ಅಂಕಿ ಬಿಟ್ಟು ಹೋಗುತ್ತದೆ. ಆ ಅಂಕಿ ಸೊನ್ನೆಯಾಗಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ. ಬೇರೆ ಯಾವ ಅಂಕಿ ಬಂದರೂ ಏನೋ ಎಡವಟ್ಟಾಗಿದೆ ಎಂದರ್ಥ. ಯುನಿಕ್ಸ್ ಮೇಲ್ ಲೋಕದಲ್ಲಿ 75 ಅನ್ನುವುದಕ್ಕೆ ವಿಶೇಷ ಅರ್ಥವಿದೆ: "ಈಗ ಆಗಲಿಲ್ಲ, ಆಮೇಲೆ ಮತ್ತೆ ಕೊಡು." ಇಡೀ ಸುರಕ್ಷತೆ ನಿಂತಿರುವುದು ಈ ಒಂದು ಅಂಕಿಯ ಮೇಲೆ.

ನನ್ನ ಸ್ಕ್ರಿಪ್ಟಿನಲ್ಲಿ ಮೂರು ಸಾಲುಗಳಿದ್ದವು. ಮೊದಲ ಸಾಲು ಮೇಲ್ ಅನ್ನು ಸ್ಪ್ಯಾಮ್ ಸೋಸುವ ಪ್ರೋಗ್ರಾಮಿಗೆ ಕೊಡುತ್ತಿತ್ತು. ಎರಡನೆಯದು ಪೆಟ್ಟಿಗೆಗೆ ಬರೆಯುತ್ತಿತ್ತು. ಮೂರನೆಯದು "ಇಷ್ಟು ಗಂಟೆಗೆ ಒಂದು ಮೇಲ್ ಬಂತು" ಎಂದು ಲಾಗ್ ಬರೆಯುತ್ತಿತ್ತು. ಆ ರಾತ್ರಿ ಪೆಟ್ಟಿಗೆ ಇದ್ದ ಡಿಸ್ಕ್ ತುಂಬಿತ್ತು. ಎರಡನೆಯ ಸಾಲು ಸೋತಿತು. ಆದರೆ ಲಾಗ್ ಇದ್ದದ್ದು ಬೇರೆ ಡಿಸ್ಕಿನಲ್ಲಿ, ಅಲ್ಲಿ ಜಾಗ ಬೇಕಾದಷ್ಟಿತ್ತು. ಮೂರನೆಯ ಸಾಲು ಗೆದ್ದಿತು. ಶೆಲ್ ಸ್ಕ್ರಿಪ್ಟ್ (ಆದೇಶಗಳನ್ನು ಸಾಲಾಗಿ ನಡೆಸುವ ಶೆಲ್ ಎಂಬ ಪ್ರೋಗ್ರಾಮಿಗೆ ಬರೆದದ್ದು) ಕೊನೆಗೆ ಬಿಡುವ ಅಂಕಿ ಅದರ ಕೊನೆಯ ಸಾಲಿನ ಅಂಕಿ. ಹಾಗಾಗಿ ಸೊನ್ನೆ ಹೋಯಿತು. ತರುವವನು ನಂಬಿದ. ಸರ್ವರ್‌ಗೆ ಅಳಿಸು ಅಂದ. ಬೆಳಗಿನ ತನಕ ಹಾಗೇ ನಡೆಯಿತು.

ಆ ಮೂರನೆಯ ಸಾಲನ್ನು ಮೇಲಕ್ಕೆ ಹಾಕಿದ್ದರೆ, ಅಥವಾ ಯಾವುದೇ ಸಾಲು ಸೋತರೆ ಅಲ್ಲೇ ನಿಲ್ಲು ಎಂದು ಮೊದಲೇ ಹೇಳಿದ್ದರೆ, ಒಂದು ಮೇಲೂ ಹೋಗುತ್ತಿರಲಿಲ್ಲ. ರಾತ್ರಿಯಿಡೀ ಎಲ್ಲವೂ ಸರ್ವರ್‌ನಲ್ಲೇ ಕಾದಿರುತ್ತಿದ್ದವು.

ಇದರ ಅಣ್ಣನಂಥ ತಪ್ಪು ಇನ್ನೊಂದಿದೆ. ಸೋಸುವ ಪ್ರೋಗ್ರಾಮ್ ಮತ್ತು ಬರೆಯುವ ಪ್ರೋಗ್ರಾಮ್ ಎರಡನ್ನೂ ಪೈಪ್ ಹಾಕಿ, ಅಂದರೆ ಒಂದು ಹೊರಗೆ ಬಿಟ್ಟದ್ದು ನೇರವಾಗಿ ಇನ್ನೊಂದಕ್ಕೆ ಹೋಗುವ ಹಾಗೆ, ಒಂದೇ ಸಾಲಿನಲ್ಲಿ ಜೋಡಿಸುವುದು. ಸೋಸುವವನು ಮಧ್ಯದಲ್ಲಿ ಬಿದ್ದರೆ ಬರೆಯುವವನಿಗೆ ಸಿಗುವುದು ಖಾಲಿ. ಅವನು ಖಾಲಿ ಫೈಲ್ ಬರೆದು, ತನ್ನ ಕೆಲಸ ಸರಿಯಾಗಿ ಮುಗಿಯಿತು ಎಂದು ಸೊನ್ನೆ ಬಿಡುತ್ತಾನೆ. ಪೈಪಿನ ಅಂಕಿ ಅಂದರೆ ಮಾಮೂಲಿಯಾಗಿ ಕೊನೆಯವನ ಅಂಕಿ ಮಾತ್ರ. ಬ್ಯಾಶ್ ಎಂಬ ಶೆಲ್‌ನಲ್ಲಿ 'ಪೈಪ್‌ಫೇಲ್' ಎಂಬ ಆಯ್ಕೆ ಹಾಕಿದರೆ ನಡುವೆ ಯಾರು ಸೋತರೂ ಗೊತ್ತಾಗುತ್ತದೆ. ಪೆಟ್ಟಿಗೆಯಲ್ಲಿ ಸೊನ್ನೆ ಗಾತ್ರದ ಮೇಲ್ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಪ್ರಾಕ್‌ಮೇಲ್ ಬಳಸುವವರಿಗೂ ಇದೇ ಮಾತು ಬೇರೆ ರೂಪದಲ್ಲಿ. ಅದು ಸೋಸುವ ಪ್ರೋಗ್ರಾಮ್ ಬಿಟ್ಟ ಅಂಕಿಯನ್ನು ಮಾಮೂಲಿಯಾಗಿ ನೋಡುವುದೇ ಇಲ್ಲ. ನಿಯಮದ ಮೊದಲ ಸಾಲಿನಲ್ಲಿ 'ಡಬ್ಲ್ಯು' ಎಂಬ ಅಕ್ಷರ ಸೇರಿಸಿದರೆ ಮಾತ್ರ ಕಾದು ನೋಡುತ್ತದೆ, ಸೋತಿದ್ದರೆ ಸೋಸದ ಮೂಲ ಮೇಲ್ ಅನ್ನೇ ಮುಂದಕ್ಕೆ ಕೊಡುತ್ತದೆ. ಒಂದು ಅಕ್ಷರದ ವ್ಯತ್ಯಾಸ. ಜೊತೆಗೆ ಎಲ್ಲ ನಿಯಮಗಳಿಗಿಂತ ಮೊದಲು, ಬಂದ ಮೇಲ್‌ನ ಒಂದು ಪ್ರತಿಯನ್ನು ಬೇರೆ ಫೋಲ್ಡರಿಗೆ ಹಾಕಿಡುವ ಪದ್ಧತಿ ಇದೆ. ಪ್ರಾಕ್‌ಮೇಲ್‌ನ ಉದಾಹರಣೆಗಳ ಕೈಪಿಡಿಯಲ್ಲೇ ಕೊನೆಯ 32 ಮೇಲ್ ಮಾತ್ರ ಉಳಿಸಿಕೊಳ್ಳುವ ಒಂದು ನಿಯಮ ಕೊಟ್ಟಿದ್ದಾರೆ. ಹೊಸ ನಿಯಮ ಬರೆಯುವ ದಿನಗಳಲ್ಲಿ ಇದು ದೊಡ್ಡ ಆಸರೆ.

ಸ್ಪ್ಯಾಮ್ ಎಂದು ಕಂಡದ್ದನ್ನು ನೇರವಾಗಿ ನಾಶ ಮಾಡುವ ನಿಯಮ ಮಾತ್ರ ಬರೆಯಲೇಬೇಡಿ. ಫೋಲ್ಡರಿಗೆ ಹಾಕಿ, ತಿಂಗಳು ಬಿಟ್ಟು ಅಳಿಸಿ.

ಫೆಚ್‌ಮೇಲ್ ನಿಮ್ಮದೇ ಕಂಪ್ಯೂಟರಿನ ಎಸ್‌ಎಂಟಿಪಿ ಸರ್ವರ್‌ಗೆ ಮೇಲ್ ಒಪ್ಪಿಸುವ ವ್ಯವಸ್ಥೆ ಇದ್ದರೆ ಇನ್ನೆರಡು ಪದ ಹುಡುಕಿ. ಒಂದು 'ಸಾಫ್ಟ್‌ಬೌನ್ಸ್'. ಇದು ಆನ್ ಇದ್ದರೆ ಒಳಗಿನ ಸರ್ವರ್ "ಆಗುವುದೇ ಇಲ್ಲ" ಅಂದರೂ ಮೇಲ್ ಹೊರಗಿನ ಸರ್ವರ್‌ನಲ್ಲೇ ಉಳಿಯುತ್ತದೆ. ಇನ್ನೊಂದು 'ಆಂಟಿಸ್ಪ್ಯಾಮ್'. ಇಂಥಿಂಥ ಅಂಕಿ ಬಂದರೆ ಅದನ್ನು ಸ್ಪ್ಯಾಮ್ ಎಂದು ತಿಳಿದು ಬಿಟ್ಟುಬಿಡು ಎಂದು ಅದರ ಅರ್ಥ. ಒಳಗಿನ ಸರ್ವರ್‌ನ ಸೆಟ್ಟಿಂಗ್ ತಪ್ಪಿ ಅದೇ ಅಂಕಿ ಬಂದರೆ ಒಳ್ಳೆಯ ಮೇಲೂ ಹೋಗುತ್ತದೆ.

## ಪೆಟ್ಟಿಗೆ ಯಾವ ಥರದ್ದು?

ಹಳೆಯ ಪದ್ಧತಿ ಎಂಬಾಕ್ಸ್. ಎಲ್ಲ ಮೇಲ್ ಒಂದೇ ಉದ್ದನೆಯ ಫೈಲಿನಲ್ಲಿ, ಒಂದರ ಕೆಳಗೆ ಇನ್ನೊಂದು. ಒಂದೇ ನೋಟ್‌ಬುಕ್‌ನಲ್ಲಿ ಇಬ್ಬರು ಒಟ್ಟಿಗೆ ಬರೆಯಲು ಕೂತರೆ ಅಕ್ಷರದ ಮೇಲೆ ಅಕ್ಷರ ಬೀಳುತ್ತದಲ್ಲ, ಹಾಗೆ ಇಲ್ಲೂ ಆಗುತ್ತದೆ. ಅದನ್ನು ತಡೆಯಲು ಬೀಗ ಬೇಕು. ಆದರೆ ಬೀಗ ಹಾಕುವ ವಿಧಾನ ಒಂದೇ ಅಲ್ಲ. ಮೇಲ್ ಹಾಕುವವನು ಒಂದು ಥರದ ಬೀಗ ಹಾಕಿ, ಮೇಲ್ ಓದುವ ಪ್ರೋಗ್ರಾಮ್ ಇನ್ನೊಂದು ಥರದ ಬೀಗವನ್ನು ನೋಡುತ್ತಿದ್ದರೆ, ಇಬ್ಬರಿಗೂ ಬಾಗಿಲು ತೆರೆದೇ ಇರುವಂತೆ ಕಾಣುತ್ತದೆ. ಒಂದು ಸಲ ಗಲಿಬಿಲಿಯಾದರೆ ಅಲ್ಲಿಂದ ಮುಂದಿನ ಮೇಲ್‌ಗಳಿಗೂ ಪೆಟ್ಟು.

1995ರ ಹೊತ್ತಿಗೆ ಡೇನಿಯಲ್ ಬರ್ನ್‌ಸ್ಟೈನ್ ಎಂಬ ಪ್ರೋಗ್ರಾಮರ್ ತಮ್ಮ ಕ್ಯೂಮೇಲ್ ಎಂಬ ಮೇಲ್ ಸರ್ವರ್ ಸಾಫ್ಟ್‌ವೇರಿಗಾಗಿ ಮೇಲ್‌ಡಿರ್ ಎಂಬ ಪದ್ಧತಿ ತಂದರು. ಒಂದು ಮೇಲ್‌ಗೆ ಒಂದು ಫೈಲ್. ಒಳಗೆ ಮೂರು ಫೋಲ್ಡರ್: ಟೆಂಪ್, ನ್ಯೂ, ಕರ್. ಮೇಲ್ ಮೊದಲು ಟೆಂಪ್‌ನಲ್ಲಿ ಪೂರ್ತಿ ಬರೆಯಲ್ಪಡುತ್ತದೆ. ಬರೆದು ಮುಗಿದು, ಡಿಸ್ಕಿಗೆ ಇಳಿದ ಮೇಲೆ ಒಂದೇ ಹೆಜ್ಜೆಯಲ್ಲಿ ನ್ಯೂ ಫೋಲ್ಡರಿಗೆ ಬರುತ್ತದೆ. ಆ ಹೆಜ್ಜೆ ಅರ್ಧ ಆಗುವಂತಿಲ್ಲ, ಒಂದೋ ಆಗಿರುತ್ತದೆ ಅಥವಾ ಆಗಿರುವುದಿಲ್ಲ. ನೀವು ಓದಲು ತೆರೆದಾಗ ಕರ್‌ಗೆ ಹೋಗುತ್ತದೆ. ಹೀಗಾಗಿ ಅರ್ಧಂಬರ್ಧ ಮೇಲ್ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ಬೀಗದ ಅಗತ್ಯವೂ ಇಲ್ಲ. ಹೊಸದಾಗಿ ವ್ಯವಸ್ಥೆ ಮಾಡುವವರು ಯೋಚನೆ ಮಾಡದೆ ಮೇಲ್‌ಡಿರ್ ಆಯ್ದುಕೊಳ್ಳಬಹುದು.

"ಡಿಸ್ಕಿಗೆ ಇಳಿದ ಮೇಲೆ" ಎಂದು ಒತ್ತಿ ಹೇಳಲು ಕಾರಣವಿದೆ. ಪ್ರೋಗ್ರಾಮ್ "ಬರೆ" ಅಂದಾಗ ಆಪರೇಟಿಂಗ್ ಸಿಸ್ಟಮ್ ಅದನ್ನು ಕೂಡಲೇ ಡಿಸ್ಕಿಗೆ ಬರೆಯುವುದಿಲ್ಲ. ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಇಟ್ಟುಕೊಂಡು, ಹಲವನ್ನು ಒಟ್ಟಿಗೆ ಬರೆಯುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ ಕರೆಂಟ್ ಹೋದರೆ ಬರೆದದ್ದು ಬರೆದಂತಲ್ಲ. 'ಎಫ್‌ಸಿಂಕ್' ಎಂಬ ಕರೆ "ಈಗಲೇ ಇಳಿಸು, ಇಳಿದ ಮೇಲೆ ಹೇಳು" ಎಂದು ಹೇಳುತ್ತದೆ. ಒಳ್ಳೆಯ ಮೇಲ್ ಪ್ರೋಗ್ರಾಮ್‌ಗಳು ಇದನ್ನು ತಪ್ಪದೆ ಮಾಡುತ್ತವೆ. ಶೆಲ್ ಸ್ಕ್ರಿಪ್ಟಿನಲ್ಲಿ ಬಾಣದ ಗುರುತು (>) ಹಾಕಿ ಫೈಲಿಗೆ ಬರೆದರೆ ಇದು ಆಗುವುದಿಲ್ಲ. ಅದಕ್ಕೇ ಕೊನೆಯ ಬರೆಯುವ ಕೆಲಸವನ್ನು ಸ್ವಂತ ಸ್ಕ್ರಿಪ್ಟಿಗೆ ಬಿಡದೆ, ಅದಕ್ಕೆಂದೇ ಇರುವ ಪ್ರೋಗ್ರಾಮಿಗೆ ಕೊಡುವುದು ಮೇಲು.

ಮೇಲ್‌ಡಿರ್‌ನಲ್ಲಿ ಒಂದು ವಿಷಯ ನೆನಪಿರಲಿ. ಸಾವಿರಾರು ಸಣ್ಣ ಫೈಲ್ ಆಗುವುದರಿಂದ ಡಿಸ್ಕಿನಲ್ಲಿ ಜಿಬಿಗಟ್ಟಲೆ ಜಾಗ ಇದ್ದರೂ ಫೈಲ್‌ಗಳ ಸಂಖ್ಯೆಯ ಮಿತಿ ಮುಗಿದುಹೋಗಬಹುದು. ಪ್ರತಿ ಫೈಲಿಗೂ ಡಿಸ್ಕಿನಲ್ಲಿ ಬೇಕಾಗುವ ಆ ಒಂದೊಂದು ನಮೂದಿಗೆ ಐನೋಡ್ ಅನ್ನುತ್ತಾರೆ. ಜಾಗ ಎಷ್ಟಿದೆ ಎಂದು ನೋಡುವಾಗ ಇದನ್ನೂ ನೋಡಬೇಕು.

## ಒಬ್ಬನೇ ತರಲಿ

ಹೇಳಿದ ಹೊತ್ತಿಗೆ ಕೆಲಸವನ್ನು ತಾನಾಗಿ ಓಡಿಸುವ ಕ್ರಾನ್ ಎಂಬ ಪ್ರೋಗ್ರಾಮಿನಲ್ಲಿ ಐದು ನಿಮಿಷಕ್ಕೊಮ್ಮೆ ಮೇಲ್ ತರಲು ಹಾಕಿರುತ್ತೀರಿ. ಯಾರೋ ದೊಡ್ಡ ಅಟ್ಯಾಚ್‌ಮೆಂಟ್ ಕಳಿಸಿದ್ದಾರೆ, ನೆಟ್ ನಿಧಾನ, ಏಳು ನಿಮಿಷವಾದರೂ ಮುಗಿದಿಲ್ಲ. ಅಷ್ಟರಲ್ಲಿ ಎರಡನೆಯವನು ಹೊರಡುತ್ತಾನೆ. ಇಬ್ಬರೂ ಅದೇ ಗುರುತಿನ ಫೈಲಿಗೆ, ಅದೇ ಪೆಟ್ಟಿಗೆಗೆ ಬರೆಯಲು ಹೋಗುತ್ತಾರೆ. ಫೆಚ್‌ಮೇಲ್ ತಾನೇ ಒಂದು ಬೀಗ ಇಟ್ಟುಕೊಳ್ಳುತ್ತದೆ. ಸ್ವಂತ ಸ್ಕ್ರಿಪ್ಟ್ ಆದರೆ ಲಿನಕ್ಸ್‌ನ 'ಎಫ್‌ಲಾಕ್' ಆದೇಶದ ಮೂಲಕ ಓಡಿಸಿ, ಮೊದಲನೆಯವನು ಮುಗಿಯುವ ತನಕ ಎರಡನೆಯವನು ಹೊರಡುವುದಿಲ್ಲ.

ಫೋನಿನಲ್ಲಿ ಅದೇ ಖಾತೆಯನ್ನು ಪಾಪ್ ಮೂಲಕ ಹಾಕಿ, ಅಲ್ಲೂ 'ಇಳಿಸಿದ ಮೇಲೆ ಅಳಿಸು' ಇಟ್ಟಿದ್ದರೆ ಅರ್ಧ ಮೇಲ್ ಫೋನಿಗೆ, ಅರ್ಧ ಮನೆಗೆ ಹೋಗುತ್ತದೆ. ಅಳಿಸುವ ಅಧಿಕಾರ ಒಬ್ಬನಿಗೇ ಇರಲಿ. ಇನ್ನೊಂದು, ಪಾಪ್3 ಸಾಮಾನ್ಯವಾಗಿ ನೋಡುವುದು ಇನ್‌ಬಾಕ್ಸ್ ಮಾತ್ರ. ಸರ್ವರ್‌ನ ಸ್ಪ್ಯಾಮ್ ಫೋಲ್ಡರಿಗೆ ಬಿದ್ದದ್ದು ಅದಕ್ಕೆ ಕಾಣುವುದೇ ಇಲ್ಲ. ಜಿಮೇಲ್ ಸ್ಪ್ಯಾಮ್ ಫೋಲ್ಡರಿನಲ್ಲಿರುವುದನ್ನು 30 ದಿನ ಬಿಟ್ಟು ತಾನೇ ಅಳಿಸುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ಬ್ರೌಸರಿನಲ್ಲಿ ಹೋಗಿ ಕಣ್ಣಾಡಿಸಿ.

## ತಕ್ಷಣ ಅಳಿಸುವುದೇಕೆ?

ಮೇಲೆ ಹೇಳಿದ ಎಲ್ಲ ತಪ್ಪುಗಳಿಗೂ ಒಂದೇ ಸಲಕ್ಕೆ ಆಸರೆ ಕೊಡುವ ಉಪಾಯ ಇದೆ: ಇಳಿಸಿದ ಮೇಲೂ ಕೆಲವು ದಿನ ಸರ್ವರ್‌ನಲ್ಲಿ ಬಿಟ್ಟಿರುವುದು. ಗೆಟ್‌ಮೇಲ್‌ನಲ್ಲಿ ಇಂತಿಷ್ಟು ದಿನ ಬಿಟ್ಟು ಅಳಿಸು ಎಂದು ಬರೆಯಬಹುದು, ಏನೂ ಬರೆಯದಿದ್ದರೆ ಅದು ಅಳಿಸುವುದೇ ಇಲ್ಲ. ಫೆಚ್‌ಮೇಲ್ ಹಾಗಲ್ಲ. 'ಕೀಪ್' ಎಂದು ಹೇಳದಿದ್ದರೆ ತಂದ ಕೂಡಲೇ ಅಳಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವವರು ಎಡವುವುದು ಇಲ್ಲೇ.

ಎಷ್ಟು ದಿನ ಬಿಡಬೇಕು? ತಪ್ಪಾಗಿದೆ ಎಂದು ನಿಮಗೆ ಗೊತ್ತಾಗಲು ಎಷ್ಟು ದಿನ ಬೇಕೋ ಅದಕ್ಕಿಂತ ಜಾಸ್ತಿ. ದಿನಾ ಮೇಲ್ ನೋಡುವವರಿಗೆ ಒಂದು ವಾರ ಸಾಕು. ಊರಿಗೆ ಹೋದಾಗ ನೋಡದೆ ಇರುವವರಿಗೆ ಮೂವತ್ತು ದಿನ ಬೇಕು. ನಾನು ಈಗ ಮೂವತ್ತು ಇಟ್ಟಿದ್ದೇನೆ. ಆ ರಾತ್ರಿ ಏಳು ದಿನ ಇಟ್ಟಿದ್ದರೂ ಎಲ್ಲ ವಾಪಸ್ ಸಿಗುತ್ತಿತ್ತು.

## ಮೇಲ್ ಬಂದಿಲ್ಲ ಅಂದರೆ ಯಾರೂ ಕಳಿಸಿಲ್ಲ ಎಂದಲ್ಲ

ಈ ವ್ಯವಸ್ಥೆಯ ದೊಡ್ಡ ತೊಂದರೆ ಮೌನ. ಪಾಸ್‌ವರ್ಡ್ ಅವಧಿ ಮುಗಿದರೂ ಪೆಟ್ಟಿಗೆ ಖಾಲಿ, ಯಾರೂ ಬರೆಯದಿದ್ದರೂ ಖಾಲಿ. ಎರಡನ್ನೂ ಬೇರೆ ಮಾಡಿ ತೋರಿಸಲು ಸುಲಭ ದಾರಿ ಇದೆ. ಇನ್ನೊಂದು ಖಾತೆಯಿಂದ ದಿನಾ ಬೆಳಿಗ್ಗೆ ತಾನಾಗಿ ಒಂದು ಪರೀಕ್ಷೆಯ ಮೇಲ್ ಬರುವ ಹಾಗೆ ಮಾಡಿ. ಮಧ್ಯಾಹ್ನದೊಳಗೆ ಅದು ಮನೆಯ ಪೆಟ್ಟಿಗೆಯಲ್ಲಿ ಇರದಿದ್ದರೆ ಕಂಪ್ಯೂಟರ್ ನಿಮಗೆ ಎಚ್ಚರಿಕೆ ಕೊಡಲಿ. ಎಚ್ಚರಿಕೆ ಮೇಲ್ ಮೂಲಕ ಮಾತ್ರ ಬೇಡ. ಪರದೆಯ ಮೇಲೆ ಬರಲಿ ಅಥವಾ ಫೋನಿಗೆ ಬೇರೆ ದಾರಿಯಿಂದ ಬರಲಿ. ಮೇಲ್ ತರಲು ಹೊರಡುವ ಮೊದಲೇ ಡಿಸ್ಕಿನಲ್ಲಿ ಜಾಗ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಆ ಸಲ ಹೋಗದೆ ಉಳಿಯುವ ಒಂದು ಸಾಲನ್ನೂ ಸೇರಿಸಿ.

## ಬೇಕಂತಲೇ ಕೆಡಿಸಿ ನೋಡಿ

ವ್ಯವಸ್ಥೆ ಸರಿ ಇದೆಯೇ ಎಂದು ತಿಳಿಯಲು ಅದನ್ನು ಕೆಡಿಸಿಯೇ ನೋಡಬೇಕು. ಇದಕ್ಕೆಂದೇ ಒಂದು ಬೇರೆ ಖಾತೆ ಮಾಡಿಕೊಳ್ಳಿ, ನಿಜವಾದ ಮೇಲ್ ಮೇಲೆ ಪ್ರಯೋಗ ಬೇಡ. ನಿಮಗೆ ನೀವೇ ಒಂದು ಮೇಲ್ ಕಳಿಸಿ. ಸೋಸುವ ಪ್ರೋಗ್ರಾಮಿನ ಹೆಸರನ್ನು ಬದಲಾಯಿಸಿ, ಆಗ ಅದು ಸಿಗುವುದಿಲ್ಲ. ತರುವವನನ್ನು ಓಡಿಸಿ. ಈಗ ಬ್ರೌಸರಿನಲ್ಲಿ ಹೋಗಿ ನೋಡಿ: ಮೇಲ್ ಸರ್ವರ್‌ನಲ್ಲಿ ಇನ್ನೂ ಇರಬೇಕು, ಇಲ್ಲವೇ ಸೋಸದ ರೂಪದಲ್ಲಿ ಮನೆಗೆ ಬಂದಿರಬೇಕು. ಎರಡೂ ಕಡೆ ಇಲ್ಲದಿದ್ದರೆ ತೂತು ಸಿಕ್ಕಿತು. ಆಮೇಲೆ ಪೆಟ್ಟಿಗೆಯ ಫೋಲ್ಡರಿಗೆ ಬರೆಯುವ ಅನುಮತಿ ತೆಗೆದು ಮತ್ತೆ ಓಡಿಸಿ. ಡಿಸ್ಕ್ ತುಂಬಿದಾಗ ಆಗುವುದಕ್ಕೆ ಇದು ಹತ್ತಿರ. ಕೊನೆಗೆ ದೊಡ್ಡ ಮೇಲ್ ಬರುತ್ತಿರುವಾಗಲೇ ನೆಟ್ ಕೇಬಲ್ ಎಳೆದು ನೋಡಿ.

## ಈಗಾಗಲೇ ಕಳೆದಿದ್ದರೆ

ಮೊದಲು ಕ್ರಾನ್ ನಿಲ್ಲಿಸಿ. ತೊಂದರೆ ಏನೆಂದು ಹುಡುಕುತ್ತಿರುವಾಗ ಅದು ಹಿಂದಿನಿಂದ ಇನ್ನಷ್ಟು ಮೇಲ್ ಅಳಿಸುತ್ತಿರಬಹುದು. ಆಮೇಲೆ ಬ್ರೌಸರಿನಲ್ಲಿ ಸರ್ವರ್‌ನ ಟ್ರ್ಯಾಶ್ ಫೋಲ್ಡರ್ ನೋಡಿ. ಎಷ್ಟೋ ಸೇವೆಗಳಲ್ಲಿ ಅಳಿಸಿದ ಮೇಲ್ ಕೆಲವು ದಿನ ಅಲ್ಲಿ ಉಳಿದಿರುತ್ತದೆ. ಮನೆಯ ಕಡೆ ಮೇಲ್‌ಡಿರ್‌ನ ಟೆಂಪ್ ಫೋಲ್ಡರ್ ನೋಡಿ, ಬರೆಯುವಾಗ ನಿಂತುಹೋದದ್ದು ಅಲ್ಲಿ ಕೂತಿರುತ್ತದೆ. ಅಲ್ಲಿ 36 ಗಂಟೆ ಮೀರಿದ ಫೈಲನ್ನು ಮೇಲ್ ಪ್ರೋಗ್ರಾಮ್‌ಗಳು ಗುಡಿಸಬಹುದು ಎಂದು ಪದ್ಧತಿ ಇರುವುದರಿಂದ ತಡ ಮಾಡಬೇಡಿ. ಲಾಗ್‌ನಲ್ಲಿ ಆ ಹೊತ್ತಿನ ಸಾಲುಗಳನ್ನು ತೆಗೆದಿಡಿ, ಕೆಲವು ಪ್ರೋಗ್ರಾಮ್‌ಗಳು ಕಳಿಸಿದವರ ವಿಳಾಸವನ್ನೂ ಬರೆದಿರುತ್ತವೆ. ನನಗೆ ಕೊನೆಗೆ ನೆರವಾದದ್ದು ಅದೇ. ಪಟ್ಟಿ ಮಾಡಿಕೊಂಡು ಒಬ್ಬೊಬ್ಬರಿಗೂ ಬರೆದೆ: ಆ ರಾತ್ರಿ ನೀವು ಕಳಿಸಿದ್ದು ನನಗೆ ಸಿಕ್ಕಿಲ್ಲ, ದಯವಿಟ್ಟು ಇನ್ನೊಮ್ಮೆ ಕಳಿಸಿ. ಹೆಚ್ಚಿನವರು ಅದೇ ದಿನ ಕಳಿಸಿದರು.